ದುರ್ಬೀನಿಗೆ ಕಂಡದ್ದು

ಕಾಕಾ ಚೀಲವನ್ನು ಕೆಳಗೆ ಇಡುತ್ತಿಲ್ಲ. ಗೊಬ್ಬರದ ಅಂಗಡಿಯವರು ಕೊಟ್ಟ ಹಸಿರು ಕೈಚೀಲ. ಒಳಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಫೈಲು, ಫೈಲಿನ ಪಕ್ಕ ಸುರುಳಿ ಸುತ್ತಿ ರಬ್ಬರು ಹಾಕಿದ ಹಳೆಯ ಗೋಡೆ ಕ್ಯಾಲೆಂಡರು. ಕ್ಯಾಲೆಂಡರಿನ ತುದಿ ಚೀಲದಿಂದ ಹೊರಗೆ ಇಣುಕುತ್ತಿದೆ. ಇಬ್ಬನಿಗೆ ತೊಯ್ದೀತೆಂದು ಅದರ ಮೇಲೆ ತನ್ನ ಟವೆಲ್ಲು ಹೊದಿಸಿದ್ದಾನೆ.

2024ರ ಡಿಸೆಂಬರ್ ತಿಂಗಳ ನಡುಭಾಗ. ರನ್ನ ಬೆಳಗಲಿಯಲ್ಲಿ ಬೆಳಗಿನ ಆರೂವರೆ. ಕಬ್ಬಿನ ಹಂಗಾಮು ಏರಿದೆ. ಎರಡೆರಡು ಟ್ರೇಲರು ಎಳೆದುಕೊಂಡು ಬರುವ ಟ್ರ್ಯಾಕ್ಟರು ಮೊದಲು ಕಿವಿಗೆ ಬರುತ್ತದೆ, ಆಮೇಲೆ ಕಣ್ಣಿಗೆ. ಡ್ರೈವರನ ತಲೆಯ ಹಿಂದೆ ಕಟ್ಟಿದ ಸ್ಪೀಕರಿನ ಹಾಡು ಎದೆಗೂಡು ನಡುಗಿಸುತ್ತದೆ. ಅದು ದಾಟಿದ ಮೇಲೆ ರಸ್ತೆಯಲ್ಲಿ ಉಳಿಯುವುದು ಉದುರಿದ ನಾಲ್ಕು ಗಣಿಕೆ ಕಬ್ಬು, ಹಸಿ ರವದಿಯ ವಾಸನೆ. ಸಣ್ಣವ್ವ ಕಟ್ಟೆಯ ಮೇಲೆ ಕೂತಿದ್ದಾಳೆ. ಸೀರೆಯ ಮೇಲೆ ಕಾಕಾನ ಸ್ವೆಟರು, ತಲೆಯ ಮೇಲೆ ಸೆರಗು. ಬಲಗೈ ಮಾತ್ರ ತನ್ನಷ್ಟಕ್ಕೆ ತಾನೇ ಪಕ್ಕೆಲುಬಿನ ಕೆಳಗೆ ಹೋಗಿ ಕೂತಿದೆ. ಎರಡು ವರ್ಷದಿಂದ ಆ ಕೈಗೆ ಅದೇ ಜಾಗ.

ಊರಿಗೆ ಬಂದವರಿಗೆಲ್ಲ ನಾವು ಹೇಳುವುದು ಒಂದೇ ಕಥೆ. ಹತ್ತನೆಯ ಶತಮಾನದಲ್ಲಿ ಇಲ್ಲಿಯ ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗನೊಬ್ಬ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. ಅವನ ಕಾವ್ಯದಲ್ಲಿ, ಸೋತ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತಿದ್ದಾಗ ಭೀಮ ದಂಡೆಯ ಮೇಲೆ ನಿಂತು ಕೂಗಿ ಕೂಗಿ ಅವನನ್ನು ಮೇಲೆ ತಂದ ಪ್ರಸಂಗ ಈ ಊರಿನವರಿಗೆ ಮನೆಯ ಮಾತು. ನಾವೀಗ ಹೊರಟಿರುವುದೂ ಅಂಥದೇ ಕೆಲಸಕ್ಕೆ, ನೀರೊಳಗೆ ಕೂತವರನ್ನು ಮಾತಾಡಿಸುವುದಕ್ಕೆ. ಈಗಿನ ಕಾಲದಲ್ಲಿ ಆ ಕೂಗಿಗೆ ಗ್ರಾಹಕ ಆಯೋಗದ ನೋಟಿಸು ಎನ್ನುತ್ತಾರೆ. ಉತ್ತರ ಕೊಡಲು 30 ದಿನ, ಕೇಳಿಕೊಂಡರೆ ಮೇಲೆ 15. ಅದನ್ನು ಮೀರಿ ಒಂದು ದಿನವೂ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ 2020ರ ಮಾರ್ಚಿನಲ್ಲಿ ಹೇಳಿದೆ. ನಮ್ಮ ಎದುರುದಾರರು 44ನೆಯ ದಿನ ಮೇಲೆ ಬಂದರು.

ಬಸ್ಸು ಬಂತು. ಕಂಡಕ್ಟರು ಸಣ್ಣವ್ವನ ಆಧಾರ್ ಕಾರ್ಡು ನೋಡಿ ಶೂನ್ಯ ಟಿಕೆಟ್ಟು ಹರಿದುಕೊಟ್ಟ. ನಮ್ಮಿಬ್ಬರ ಕಡೆ ಕೈ ಚಾಚಿದ.

“ಕೋರ್ಟಿಗೆ ಹೋಗೂದಾದ್ರೂ ಫುಕಟ್ ಆತು ನಿನಗ,” ಎಂದ ಕಾಕಾ.

“ದವಾಖಾನಿಗೆ ಹೋಗೂ ಮುಂದ ಇದು ಇರಲಿಲ್ಲ ನೋಡು,” ಎಂದಳು ಸಣ್ಣವ್ವ. ಹೌದು, ಆಗ ಇನ್ನೂ ಶಕ್ತಿ ಯೋಜನೆ ಬಂದಿರಲಿಲ್ಲ. ಆಪರೇಷನ್ ಆದದ್ದು 2023ರ ಜನವರಿ ಕೊನೆಗೆ.

ಮುಧೋಳದಲ್ಲಿ ಬಸ್ಸು ಬದಲಿಸಬೇಕು. ಚಹಾ ಕುಡಿಯುತ್ತ ನಿಂತರೆ ಪಕ್ಕದವರ ಕೈಯಲ್ಲಿ ಪೇಪರು. ಮೇಲೆ ಬೆಳಗಾವಿ ಅಧಿವೇಶನ, ಕೆಳಗೆ ಬಳ್ಳಾರಿ. ನವೆಂಬರ್ 9ರಿಂದ 11ರೊಳಗೆ ಅಲ್ಲಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಮಾಡಿಸಿಕೊಂಡ ಬಾಣಂತಿಯರಲ್ಲಿ ಒಬ್ಬರ ಹಿಂದೊಬ್ಬರಂತೆ ಐವರು ತೀರಿಕೊಂಡಿದ್ದಾರೆ. ಅನುಮಾನವೆಲ್ಲ ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನಿನ ಮೇಲೆ. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿದ್ದಾರೆ. ನಾನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಸಣ್ಣವ್ವ ಕೇಳಿದ್ದು ಒಂದೇ, “ಕೂಸುಗೋಳು?”

ಪೇಪರಿನವರು ಪುಟ ತಿರುಗಿಸಿದರು.

ಬಾಟಲಿಯ ಸಲೈನಿಗೆ ಬ್ಯಾಚ್ ನಂಬರು ಇರುತ್ತದೆ, ಲ್ಯಾಬಿಗೆ ಕಳಿಸಬಹುದು. ಕತ್ತರಿಗೆ ಬ್ಯಾಚ್ ನಂಬರಿಲ್ಲ. ನಮ್ಮ ತೊಡಕು ಅಲ್ಲೇ ಇರುವುದು.

ಲೋಕಾಪುರದ ದಾರಿ ಹಿಡಿದ ಬಸ್ಸಿನಲ್ಲಿ ಸಣ್ಣವ್ವನಿಗೆ ಕಿಟಕಿಯ ಸೀಟು. ಅವಳ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಬಾಗಲಕೋಟೆ ಬರುವವರೆಗೆ ಬೇರೆ ಕೆಲಸವೂ ಇಲ್ಲ.

ಉಂಡ ಮೇಲೆ ಬಲಪಕ್ಕೆ ಹಿಡಿಯುತ್ತಿತ್ತು. ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದ ಹರಳು ಕಂಡಿತು. ದವಾಖಾನೆ ಯಾವುದು, ಯಾವ ಊರಿನದು ಎಂದು ನಾನು ಬರೆಯುವುದಿಲ್ಲ. ಡಾಕ್ಟರು ಒಳ್ಳೆಯ ಹೆಸರಿನವರು. ಸಂಜೆಯ ಓಪಿಡಿಯಲ್ಲಿ ಚಪ್ಪಲಿ ಬಿಡಲು ಜಾಗ ಇರುತ್ತಿರಲಿಲ್ಲ. “ದುರ್ಬೀನ್ ಆಪರೇಷನ್, ನಾಕು ತೂತು, ಮೂರು ದಿನಕ್ಕ ಮನಿಗೆ,” ಎಂದರು. ಅದು ಸುಳ್ಳಲ್ಲ. ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಮೊದಲ ಸಲ ಹೀಗೆ ಪಿತ್ತಕೋಶ ತೆಗೆದಾಗ ಅಲ್ಲಿಯ ಸರ್ಜನ್ನರೇ ಮೂಗು ಮುರಿದಿದ್ದರು. 1990ರಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಮುಂಬೈಯಲ್ಲಿ ಶುರು ಮಾಡಿದರು. ಈಗ ತಾಲೂಕು ಊರುಗಳಲ್ಲೂ ದಿನಕ್ಕೆ ನಾಲ್ಕು ನಡೆಯುತ್ತವೆ. ಹೊಟ್ಟೆಗೆ ಗಾಳಿ ತುಂಬಿ ಉಬ್ಬಿಸುತ್ತಾರೆ, ಹೊಕ್ಕುಳ ಬಳಿಯ ತೂತಿನಿಂದ ಕ್ಯಾಮೆರಾ ಇಳಿಸುತ್ತಾರೆ, ಡಾಕ್ಟರು ಟಿವಿ ನೋಡುತ್ತ ಉದ್ದನೆಯ ಇಕ್ಕಳದಿಂದ ಕೆಲಸ ಮಾಡುತ್ತಾರೆ.

ಅಪಾಯ ಇರುವುದು ಒಂದು ಸಂದಿನಲ್ಲಿ. ಪಿತ್ತಕೋಶವೆಂದರೆ ಬಳ್ಳಿಗೆ ತೂಗುವ ಸಣ್ಣ ಸೋರೆಕಾಯಿ. ಅದರ ತೊಟ್ಟನ್ನು ಕತ್ತರಿಸಬೇಕು, ಬಳ್ಳಿಯನ್ನಲ್ಲ. ಬಳ್ಳಿ ಎಂದರೆ ಲಿವರಿನಿಂದ ಕರುಳಿಗೆ ಪಿತ್ತ ಒಯ್ಯುವ ದೊಡ್ಡ ನಾಳ. ಉರಿಯೂತದಿಂದ ಬಾವು ಬಂದು ಎಲ್ಲ ಅಂಟಿಕೊಂಡಿದ್ದರೆ ತೊಟ್ಟೂ ಬಳ್ಳಿಯೂ ಒಂದೇ ಥರ ಕಾಣುತ್ತವೆ. ಅದಕ್ಕೇ ಒಂದು ನೇಮ ಇದೆ: ಸುತ್ತಲಿನ ಕೊಬ್ಬನ್ನೆಲ್ಲ ಬಿಡಿಸಿ, ಕೋಶಕ್ಕೆ ಹೋಗುವುದು ಎರಡೇ ಎರಡು, ತೊಟ್ಟಿನ ನಾಳ ಮತ್ತು ಒಂದು ರಕ್ತನಾಳ, ಎಂದು ಕಣ್ಣಾರೆ ಕಂಡ ಮೇಲೆಯೇ ಕ್ಲಿಪ್ಪು ಹಾಕಬೇಕು. ಕಾಣದಿದ್ದರೆ ಹೊಟ್ಟೆ ತೆರೆಯಬೇಕು, ಇಲ್ಲವೇ ನಿಲ್ಲಿಸಿ ಹೊರಗೆ ಬರಬೇಕು. ಇಷ್ಟೆಲ್ಲ ಮಾಡಿಯೂ ಸಾವಿರಕ್ಕೆ ಮೂರರಿಂದ ಐದು ಮಂದಿಯಲ್ಲಿ ದೊಡ್ಡ ನಾಳಕ್ಕೆ ಪೆಟ್ಟಾಗುತ್ತದೆ ಎಂದು ವೈದ್ಯರ ಪುಸ್ತಕಗಳೇ ಹೇಳುತ್ತವೆ.

ಸಣ್ಣವ್ವ ಆ ಸಾವಿರದಲ್ಲೊಬ್ಬಳು. ಮೂರನೆಯ ದಿನ ಮನೆಗೆ ಬಂದಳು. ಐದನೆಯ ದಿನ ಹೊಟ್ಟೆ ಬಿಗಿಯಿತು, ಚಳಿಜ್ವರ. ಫೋನು ಮಾಡಿದರೆ “ಗ್ಯಾಸು, ಅಡ್ಡಾಡ್ರಿ” ಎಂದರು. ಒಂಬತ್ತನೆಯ ದಿನ ಕಣ್ಣು ಅರಿಶಿಣವಾಯಿತು. ನಮ್ಮ ಕಡೆ ಹಳದಿ ಕಣ್ಣಿಗೆ ಡಾಕ್ಟರು ಬೇಕಿಲ್ಲ. ಓಣಿಯ ಮುದುಕಿಯರೆಲ್ಲ ಸೇರಿ “ಕಾಮಣಿ ಆಗೈತಿ” ಎಂದು ತೀರ್ಮಾನಿಸಿದರು. ಬರಿಹೊಟ್ಟೆಗೆ ಸೊಪ್ಪಿನ ರಸ ಕುಡಿಸುವವರ ಹತ್ತಿರ ಮೂರು ದಿನ ಹೋಗಿಬಂದರು. ಹನ್ನೆರಡನೆಯ ದಿನ ಮತ್ತೆ ಅದೇ ದವಾಖಾನೆ, ಮತ್ತೆ ಗ್ಯಾಸಿನ ಗುಳಿಗೆ. ಹದಿನಾರನೆಯ ದಿನ ಕಾಕಾ ಯಾರನ್ನೂ ಕೇಳಲಿಲ್ಲ, ಗಾಡಿ ಮಾಡಿ ಬೆಳಗಾವಿಗೆ ಒಯ್ದ. ಅಲ್ಲಿ ಎಂಆರ್‌ಸಿಪಿ ಸ್ಕ್ಯಾನು ಮಾಡಿದರು. ಬಳ್ಳಿ ಕತ್ತರಿಸಿಹೋಗಿತ್ತು. ಹೊಟ್ಟೆಯ ತುಂಬ ಪಿತ್ತ.

ಕೂಡಲೇ ಜೋಡಿಸಲು ಬರುವುದಿಲ್ಲವಂತೆ. ಸೋಂಕು ಇಳಿಯಬೇಕು, ಬಾವು ಆರಬೇಕು. ಅಲ್ಲಿಯವರೆಗೆ ಪಕ್ಕೆಯಿಂದ ಒಂದು ನಳಿಗೆ, ನಳಿಗೆಯ ತುದಿಗೆ ಚೀಲ. ಎರಡು ತಿಂಗಳು ಸಣ್ಣವ್ವ ತನ್ನ ಪಿತ್ತವನ್ನು ವೈರ್ ಬುಟ್ಟಿಯಲ್ಲಿಟ್ಟುಕೊಂಡು ಅಡ್ಡಾಡಿದಳು. ನೀರು ತರುವಾಗ, ರೊಟ್ಟಿ ಬಡಿಯುವಾಗ, ಯಾರಾದರೂ ಮಾತಾಡಿಸಲು ಬಂದಾಗ ಬುಟ್ಟಿಯ ಮೇಲೆ ಒಂದು ಟವೆಲ್ಲು. ದಿನಾ ಸಂಜೆ ಎಷ್ಟು ತುಂಬಿತೆಂದು ಅಳೆದು ಬರೆಯಿರಿ ಎಂದು ಬೆಳಗಾವಿಯ ನರ್ಸು ಹೇಳಿದ್ದಳು. ವಹಿ ಎಲ್ಲಿಂದ ತರುವುದು? ಗೋಡೆಯ ಕ್ಯಾಲೆಂಡರಿತ್ತು. ಮಗಳು, ಪಿಯುಸಿ ಓದುತ್ತಿದ್ದವಳು, ಪ್ರತಿ ಮನೆಯಲ್ಲೂ ನೀಲಿ ಪೆನ್ನಿನಲ್ಲಿ ಅಂಕಿ ಬರೆದಳು. 350. 420. 390. ಶಿವರಾತ್ರಿಯ ಮನೆಯಲ್ಲಿ ಲಿಂಗದ ಚಿತ್ರದ ಪಕ್ಕ 410. ಯುಗಾದಿಯ ದಿನ 380, ಅದರ ಕೆಳಗೆ ಸಣ್ಣದಾಗಿ “ಜ್ವರ”. ಏಪ್ರಿಲಿನಲ್ಲಿ ಅಂಕಿಗಳು ನಿಲ್ಲುತ್ತವೆ. ಆಗ ಕರುಳಿನ ತುಂಡೊಂದನ್ನು ಎತ್ತಿ ಲಿವರಿನ ಬುಡದ ನಾಳಕ್ಕೆ ಹೊಲಿಯುವ ಆಪರೇಷನ್ ಆಯಿತು, ಆರು ತಾಸು.

ಈಗ ಚೀಲದಿಂದ ಇಣುಕುತ್ತಿರುವ ಕ್ಯಾಲೆಂಡರು ಅದೇ. ಜೆರಾಕ್ಸು ಆಯೋಗದಲ್ಲಿದೆ. ಅಸಲು ತೋರಿಸಿ ಎಂದು ಹೋದ ತಾರೀಖಿಗೆ ಹೇಳಿದ್ದಾರೆ.

ಕಲಾದಗಿ ದಾಟಿದೆವು. ಒಂದು ಕಾಲಕ್ಕೆ ಬ್ರಿಟಿಷರ ಜಿಲ್ಲಾ ಕೇಂದ್ರವಾಗಿದ್ದ ಊರು, ಈಗ ದಾಳಿಂಬೆ–ಚಿಕ್ಕುವಿಗೆ ಹೆಸರು. ಬುಟ್ಟಿಯವರು ಬಸ್ಸಿನ ಕಿಟಕಿಗೆ ಬರುತ್ತಾರೆ. “ಬರೂ ಮುಂದ,” ಎಂದು ಸಣ್ಣವ್ವ ಕೈಯಾಡಿಸಿದಳು.

ಕೇಸು ಹಾಕಬೇಕೆಂದು ಮೊದಲು ಹೊರಟವನು ಕಾಕಾ. ಹೋದದ್ದು ಪೊಲೀಸ್ ಸ್ಟೇಷನ್ನಿಗೆ. ಅಲ್ಲಿಯ ಸಾಹೇಬರು ಕೂರಿಸಿ ಹೇಳಿದರು: ಜೇಕಬ್ ಮ್ಯಾಥ್ಯೂ ಕೇಸಿನಲ್ಲಿ 2005ರಲ್ಲೇ ಸುಪ್ರೀಂ ಕೋರ್ಟು ಗೆರೆ ಎಳೆದಿದೆ. ಡಾಕ್ಟರ ಮೇಲೆ ಕ್ರಿಮಿನಲ್ ಕೇಸು ನಡೆಸುವ ಮೊದಲು ಬೇರೆ ಡಾಕ್ಟರರ, ಸರ್ಕಾರಿ ನೌಕರಿಯಲ್ಲಿದ್ದವರಾದರೆ ಒಳ್ಳೆಯದು, ಅಭಿಪ್ರಾಯ ಬೇಕು. ತಪ್ಪು ಸಾಲದು, ಘೋರ ತಪ್ಪಾಗಿರಬೇಕು. “ನಿಮಗ ಗ್ರಾಹಕರ ಕೋರ್ಟ ಪಾಡರಿ ಯಜಮಾನ್ರ.”

ಗ್ರಾಹಕ ಎಂಬ ಮಾತು ಕಾಕಾನಿಗೆ ಇವತ್ತಿಗೂ ರುಚಿಸುವುದಿಲ್ಲ. “ನಾ ಏನ್ ಸೀರಿ ತರಾಕ ಹೋಗಿದ್ನಿ?” ಎಂದು ಕೇಳುತ್ತಾನೆ. ಆದರೆ ಆ ಮಾತಿನಿಂದಲೇ ಬಾಗಿಲು ತೆರೆದದ್ದು. 1995ರ ನವೆಂಬರ್ 13ರಂದು, ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ನಡುವಿನ ಕೇಸಿನಲ್ಲಿ, ಹಣ ಪಡೆದು ಕೊಡುವ ಚಿಕಿತ್ಸೆಯೂ ಸೇವೆಯೇ ಎಂದು ಸುಪ್ರೀಂ ಕೋರ್ಟು ಹೇಳಿತು. ಎಲ್ಲರಿಗೂ ಪುಕ್ಕಟೆ ನೋಡುವ ಆಸ್ಪತ್ರೆ ಮಾತ್ರ ಅದರಿಂದ ಹೊರಗುಳಿಯಿತು. ರಾಣೆಬೆನ್ನೂರಿನ ತಾಲೂಕು ಆಸ್ಪತ್ರೆಯಲ್ಲಿ ಗರ್ಭಕೋಶ ಕಳೆದುಕೊಂಡ ಹೆಣ್ಣುಮಕ್ಕಳು ಆಯೋಗದ ಬೆಂಚಿನ ಮೇಲೆ ಕೂರದೆ ವರ್ಷಗಟ್ಟಲೆ ಬೀದಿಯಲ್ಲಿ ಕೂರಬೇಕಾಗಿ ಬಂದದ್ದಕ್ಕೆ ಈ ಗೆರೆಯೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಬಡವರಿಗೆ ಪುಕ್ಕಟೆ ಸಿಕ್ಕದ್ದರ ಬಗ್ಗೆ ತಕರಾರು ಹೇಳುವ ಹಕ್ಕು ತುಟ್ಟಿ.

ನಮಗೆ ಹಾಗಿರಲಿಲ್ಲ. ಕಬ್ಬಿನ ಬಿಲ್ಲು ಬರುವ ಮೊದಲೇ ಸಣ್ಣವ್ವನ ಬೋರಮಳ ಸರ ಒತ್ತೆಯಿಟ್ಟು ದವಾಖಾನೆಗೆ ಕಟ್ಟಿದ ರೊಕ್ಕಕ್ಕೆ ರಸೀತಿಗಳಿವೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. 2019ರ ಕಾಯ್ದೆ ಬಂದ ಮೇಲೆ ದೂರುದಾರರು ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಆದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ವಕೀಲರಿಲ್ಲದೆಯೂ ಹಾಕಬಹುದು, ಆದರೆ ನಾವು ಹಿಡಿದೆವು. ವಕೀಲರು ಮೊದಲ ದಿನ ಕೇಳಿದ್ದು ಒಂದೇ ಮಾತು, “ಕೇಸ್ ಶೀಟ್ ತಂದೀರೇನು?”

ತಂದಿರಲಿಲ್ಲ. ಕೇಳಿದರೆ 72 ತಾಸಿನೊಳಗೆ ಕೊಡಬೇಕು, ಮೂರು ವರ್ಷ ಕಾಪಾಡಿಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮವೇ ಇದೆ. ನಮಗೆ ಸಿಕ್ಕದ್ದು ಮೂರನೆಯ ಅರ್ಜಿಗೆ, ಇಪ್ಪತ್ತಮೂರನೆಯ ದಿನಕ್ಕೆ. ಆವತ್ತಿನ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಪಡಸಾಲೆಯಲ್ಲಿ ಚಾಪೆ ಹಾಸಿ ಕಾಗದಗಳನ್ನೆಲ್ಲ ಹರವಿಕೊಂಡು ಕೂತಿದ್ದೆವು. ಎಲ್ಲ ಇಂಗ್ಲಿಷು, ಅದರಲ್ಲೂ ಡಾಕ್ಟರ ಕೈಬರಹ. ಮಗಳು ಮೊಬೈಲು ಹಿಡಿದು ಒಂದೊಂದೇ ಪದ ಬಿಡಿಸುತ್ತಿದ್ದಳು. ಆಪರೇಷನ್ ನೋಟ್ಸು ಅರ್ಧ ಪುಟ. ಕೊನೆಯ ಸಾಲಿಗೆ ಬಂದು ನಿಂತಳು.

“ಅನ್‌ಇವೆಂಟ್‌ಫುಲ್ ಅಂತ ಬರದಾರ.”

“ಹಂಗಂದ್ರ?”

“ಏನೂ ಆಗಲಿಲ್ಲ ಅಂತ.”

ಸಣ್ಣವ್ವ ಬುಟ್ಟಿ ಇಡುತ್ತಿದ್ದ ಮೂಲೆಯ ಕಡೆ ನೋಡಿದಳು. ಬುಟ್ಟಿ ಆಗಲೇ ಅಟ್ಟ ಸೇರಿತ್ತು. “ಏನೂ ಆಗಲಿಲ್ಲೇನು?” ಎಂದಳು, ಯಾರಿಗೂ ಅಲ್ಲದಂತೆ.

ನವನಗರ. ಹಳೆಯ ಬಾಗಲಕೋಟೆ ಆಲಮಟ್ಟಿ ಹಿನ್ನೀರಿಗೆ ಮುಳುಗುತ್ತದೆಂದು ಕಟ್ಟಿದ ಊರು. ಓಣಿಗಳಿಗೆ ಹೆಸರಿಲ್ಲ, ಸೆಕ್ಟರ್ ನಂಬರು. ಅಗಲ ರಸ್ತೆ, ಬೇವಿನ ಮರ, ಮರದ ಕೆಳಗೆ ಜೆರಾಕ್ಸು–ಸ್ಟಾಂಪಿನ ಅಂಗಡಿಗಳು. ನಮ್ಮ ಕಡೆಯವರ ಸಂಕಟವೆಲ್ಲ ಕೊನೆಗೆ ಇಲ್ಲಿಗೆ ಬಂದು ಎರಡು ಸೆಟ್ ಜೆರಾಕ್ಸು ಆಗುತ್ತದೆ.

ಹತ್ತೂವರೆಗೆ ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನಮ್ಮದು ಹದಿನೇಳನೆಯದು. ಪಕ್ಕದಲ್ಲಿ ಬೆಳೆ ವಿಮೆಯವರು, ಕೆಟ್ಟ ಬೀಜದ ಚೀಲ ತಂದ ಇಬ್ಬರು ರೈತರು. ಬೀಜದವರು ಕೇಳಿದರು, “ನಿಮ್ಮದೇನ್ರಿ ಅಕ್ಕಾರ?” ಸಣ್ಣವ್ವ ಅಂದಳು, “ಹೊಟ್ಟಿದ್ರಿ.”

ಎದುರುದಾರರ ಉತ್ತರ ಹನ್ನೊಂದು ಪುಟ. ತಿರುಳು ಮೂರು ಮಾತು. ಒಂದು, ಇದು ಗೊತ್ತಿರುವ ತೊಡಕು, ನಿರ್ಲಕ್ಷ್ಯವಲ್ಲ. ಎರಡು, ಒಪ್ಪಿಗೆ ಪತ್ರಕ್ಕೆ ಗಂಡ ಸಹಿ ಹಾಕಿದ್ದಾನೆ. ಮೂರು, ರೋಗಿ ತಪಾಸಣೆಗೆ ಬಾರದೆ ನಾಟಿ ಔಷಧಿ ಮಾಡಿಸಿಕೊಂಡು ಕಾಲ ಕಳೆದಿದ್ದಾಳೆ.

ಮೂರನೆಯದು ಸಣ್ಣವ್ವನಿಗೆ ನಾಟಿತು. ಸೊಪ್ಪಿನ ರಸ ಕುಡಿದದ್ದನ್ನು ಬೆಳಗಾವಿಯ ಡಾಕ್ಟರಿಗೆ ಹೇಳಿದವಳು ಅವಳೇ. ಮುಚ್ಚಿಡಬಾರದೆಂದು ಹೇಳಿದಳು, ಅವರು ಬರೆದುಕೊಂಡರು, ಆ ಕಾಗದವನ್ನು ನಾವೇ ಫೈಲಿನಲ್ಲಿ ಕೊಟ್ಟೆವು. ಈಗ ಅದು ತಿರುಗಿ ಅವಳಿಗೇ ಬಂದಿದೆ. ದವಾಖಾನೆಯವರು ಮುಚ್ಚಿದ್ದನ್ನು ತೆಗೆಸಲು ತಾರೀಖಿನ ಮೇಲೆ ತಾರೀಖು. ಇವಳು ಬಿಚ್ಚಿ ಹೇಳಿದ್ದು ಒಂದೇ ತಾರೀಖಿಗೆ ಹಿಡಿದುಕೊಂಡಿತು.

ಎರಡನೆಯದಕ್ಕೆ ನಮ್ಮ ವಕೀಲರು ನಗುತ್ತಾರೆ. ಸಮೀರಾ ಕೊಹ್ಲಿ ಕೇಸು, 2008ರ ಜನವರಿ 16. ಅರಿವಳಿಕೆಯಲ್ಲಿದ್ದ ಮಗಳಿಗಾಗಿ ತಾಯಿ ಕೊಟ್ಟ ಒಪ್ಪಿಗೆಯೂ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ. ತುರ್ತು ಇಲ್ಲದಿದ್ದರೆ, ಎಚ್ಚರವಿರುವ ವಯಸ್ಕ ರೋಗಿಯನ್ನೇ ಕೇಳಬೇಕು, ಏನು ಮಾಡುತ್ತೇವೆ, ಏನಾಗಬಹುದು, ಬೇರೆ ದಾರಿ ಏನಿದೆ ಎಂದು ಹೇಳಬೇಕು. ಆವತ್ತು ಸಣ್ಣವ್ವ ಮಂಚದ ಮೇಲೆ ಎಚ್ಚರವಾಗಿಯೇ ಕೂತಿದ್ದಳು. ಸಿಸ್ಟರು ಕಾಗದ ಹಿಡಿದುಕೊಂಡು ಅವಳನ್ನು ದಾಟಿ ಹೋಗಿ ಕಾಕಾನ ಕೈಗೆ ಪೆನ್ನು ಕೊಟ್ಟಳು. ಕಾಕಾ ಇಂಗ್ಲಿಷಿನ ಕಾಗದಕ್ಕೆ ಕನ್ನಡದಲ್ಲಿ ಸಹಿ ಹಾಕಿದ. “ನನಗ ಕೇಳಿದ್ರ ನಾನೂ ಹೂಂ ಅಂತಿದ್ನಿ,” ಎನ್ನುತ್ತಾಳೆ ಸಣ್ಣವ್ವ. “ಆದ್ರ ಕೇಳಲಿಲ್ಲ.”

ಗಟ್ಟಿ ಇರುವುದು ಮೊದಲನೆಯ ಮಾತು. ಡಾಕ್ಟರ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಈ ಬರಹಕ್ಕೆ ಒಂದೇ ಕಣ್ಣಾಗುತ್ತದೆ. ಕೈ ತಪ್ಪುವುದೆಲ್ಲ ಅಪರಾಧವಲ್ಲ. ಆ ಕಸುಬಿನ ಸಾಧಾರಣ ಜಾಣನೊಬ್ಬ ಏನು ಮಾಡುತ್ತಿದ್ದನೋ ಅದನ್ನು ಮಾಡಿದ್ದರೆ ಸಾಕು ಎಂಬುದೇ ಕಾನೂನಿನ ಅಳತೆ. ಪ್ರತಿ ಕೆಟ್ಟ ಫಲಿತಾಂಶಕ್ಕೂ ಕೋರ್ಟಿಗೆಳೆದರೆ ಮುಧೋಳ–ಜಮಖಂಡಿಯ ಡಾಕ್ಟರು ಸ್ವಲ್ಪ ಕಷ್ಟದ ರೋಗಿಯನ್ನು ಮುಟ್ಟದೆ ಬೆಳಗಾವಿಗೋ ಮಿರಜಿಗೋ ಕಳಿಸುತ್ತಾರೆ, ದಾರಿಯಲ್ಲಿ ಸಾಯುವವರು ನಮ್ಮವರೇ. ಇದು ಬೆದರಿಕೆಯ ಮಾತಲ್ಲ, ಈಗಾಗಲೇ ನಡೆಯುತ್ತಿರುವುದು. ಆದರೆ ಕತ್ತರಿ ತಪ್ಪಿದ ಗಳಿಗೆ ಬೇರೆ, ಆಮೇಲಿನ ಹದಿನಾರು ದಿನ ಬೇರೆ. ಬಿಗಿದ ಹೊಟ್ಟೆಗೆ, ಹಳದಿ ಕಣ್ಣಿಗೆ ಒಂದು ಸ್ಕ್ಯಾನು ಬರೆಯದೆ ಗ್ಯಾಸಿನ ಗುಳಿಗೆ ಬರೆದದ್ದನ್ನು ಯಾವ ಪುಸ್ತಕವೂ ಗೊತ್ತಿರುವ ತೊಡಕು ಎನ್ನುವುದಿಲ್ಲ. ನಮ್ಮ ಕೇಸು ನಿಂತಿರುವುದು ಆ ಹದಿನಾರು ದಿನದ ಮೇಲೆ.

ಬೆಂಚಿನ ಮೇಲೆ ಕೂತಾಗ ನನಗೆ ಇಬ್ಬರು ನೆನಪಾಗುತ್ತಾರೆ. ಒಬ್ಬರು ಪ್ರಶಾಂತ್ ಧನಂಕಾ. 1990ರ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿ ಎದೆಯ ಗಡ್ಡೆಯ ಆಪರೇಷನ್‌ಗೆ ಮಲಗಿದಾಗ ಇಂಜಿನಿಯರಿಂಗ್ ಓದುತ್ತಿದ್ದ ಇಪ್ಪತ್ತರ ಹುಡುಗ. ಏಳುವಾಗ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಬೆನ್ನುಹುರಿಗೆ ಅಂಟಿದಂತಿದ್ದ ಗಡ್ಡೆಗೆ ನರತಜ್ಞರನ್ನು ಜೊತೆಗೆ ಕರೆದಿರಲಿಲ್ಲ. ಮುಂದೆ ಬೆಂಗಳೂರಿನಲ್ಲಿ ಇನ್ಫೋಸಿಸ್ ಸೇರಿದರು, ಗಾಲಿಕುರ್ಚಿಯಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ತಮ್ಮ ವಾದ ತಾವೇ ಮಾಡಿದರು. 2009ರ ಮೇ 14ರಂದು 1 ಕೋಟಿ ರೂಪಾಯಿ ಕೊಡಿಸಿತು ಕೋರ್ಟು. ಹತ್ತೊಂಬತ್ತು ವರ್ಷ ಹಿಡಿಯಿತು. ಇನ್ನೊಬ್ಬಳು ಔರಂಗಾಬಾದಿನ ಬಾಣಂತಿ. 1963ರ ಜುಲೈಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಚಿಕಿತ್ಸೆಯಾದಾಗ ಹೊಟ್ಟೆಯಲ್ಲಿ ಬಟ್ಟೆಯ ತುಂಡು ಉಳಿಯಿತು, ಹದಿನೈದು ದಿನದೊಳಗೆ ಸತ್ತಳು. ಗಂಡನ ಕೇಸಿಗೆ ಸುಪ್ರೀಂ ಕೋರ್ಟಿನ ಕೊನೆಯ ಮಾತು ಬಂದದ್ದು 1996ರ ಫೆಬ್ರವರಿ 20ಕ್ಕೆ. ಹೊಟ್ಟೆಯಲ್ಲಿ ಬಟ್ಟೆ ಸಿಕ್ಕರೆ ಬೇರೆ ಸಾಕ್ಷಿ ಏಕೆ ಬೇಕು, ಆ ಬಟ್ಟೆಯೇ ಮಾತಾಡುತ್ತದೆ. ಹಾಗಿದ್ದೂ ಮೂವತ್ತೆರಡು ವರ್ಷ ದಾಟಿತು. ಗ್ರಾಹಕ ಕಾಯ್ದೆಯ ಪುಸ್ತಕದಲ್ಲಿ ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು ಎಂದಿದೆ. ನಮ್ಮದು ಎರಡನೆಯ ವರ್ಷಕ್ಕೆ ಬಿದ್ದಿದೆ. ಆ ಇಬ್ಬರ ಲೆಕ್ಕದಲ್ಲಿ ನಾವಿನ್ನೂ ಬಸ್ ಸ್ಟ್ಯಾಂಡಿನಲ್ಲೇ ಇದ್ದೇವೆ.

ಮಧ್ಯಾಹ್ನ ಹನ್ನೆರಡೂವರೆಗೆ ಜವಾನ ನಮ್ಮ ನಂಬರು ಕೂಗಿದ.

ಒಳಗೆ ಎತ್ತರದ ಮೇಜು, ಮೇಜಿನ ಹಿಂದೆ ಅಧ್ಯಕ್ಷರು ಮತ್ತು ಮಹಿಳಾ ಸದಸ್ಯರು. ಕಾಕಾ ರಬ್ಬರು ಬಿಚ್ಚಿದ. ಸುರುಳಿ ಬಿಟ್ಟ ಕೂಡಲೇ ಕ್ಯಾಲೆಂಡರು ತಾನೇ ಮತ್ತೆ ಸುತ್ತಿಕೊಂಡಿತು. ಸದಸ್ಯರು ಒಂದು ಕಡೆ ಕಾಯ್ದೆ ಪುಸ್ತಕ, ಇನ್ನೊಂದು ಕಡೆ ನೀರಿನ ಲೋಟ ಇಟ್ಟು ಹರವಿದರು. ಹಾಳೆಯ ಕೆಳಗಿನ ಮೂಲೆಯಲ್ಲಿ ಒಂದು ಹಳದಿ–ಹಸಿರು ಕಲೆ. ಅವರ ಬೆರಳು ಅದರ ಮೇಲೆ ನಿಂತಿತು.

“ಇದೇನು?”

“ಒಂದಿನ ಚೆಲ್ಲಿತ್ರಿ,” ಎಂದಳು ಸಣ್ಣವ್ವ.

ಬೆರಳು ಸರಿಯಿತು. ಶಿವರಾತ್ರಿ, ಹೋಳಿ, ಯುಗಾದಿ ದಾಟಿ ಏಪ್ರಿಲಿಗೆ ಬಂದು ನಿಂತಿತು. “ಯಾರು ಬರೆದದ್ದು?”

“ಮಗಳ್ರಿ. ನಾ ಅಳತಿ ಹೇಳ್ತಿದ್ನಿ, ಆಕಿ ಬರೀತಿದ್ಲು.”

ಎದುರುದಾರರ ವಕೀಲರು ಎದ್ದರು, ಮನೆಯವರು ಬರೆದದ್ದು ವೈದ್ಯಕೀಯ ದಾಖಲೆ ಆಗುವುದಿಲ್ಲ ಎಂದರು. ಅಧ್ಯಕ್ಷರು ತಲೆಯೆತ್ತದೆ, “ನೋಡೋಣ, ಗುರುತು ಹಾಕಿ,” ಎಂದರು. ಗುಮಾಸ್ತರು ಹಿಂಬದಿಗೆ ಮೊಹರು ಒತ್ತಿ ಬರೆದರು: ನಿಶಾನೆ ಸಿ-14.

ಆಮೇಲೆ ನಮ್ಮ ವಕೀಲರು ಒಂದು ಅರ್ಜಿ ಮುಂದಿಟ್ಟರು. ದುರ್ಬೀನ್ ಆಪರೇಷನ್ ನಡೆದದ್ದೆಲ್ಲ ಟಿವಿಯ ಮೇಲೆ ಬಂದಿರುತ್ತದೆ, ಅದರ ರೆಕಾರ್ಡಿಂಗ್ ಹಾಜರು ಮಾಡಲು ಆದೇಶಿಸಬೇಕು. ಕ್ಲಿಪ್ಪು ಹಾಕುವ ಮೊದಲು ಎರಡೇ ಎರಡು ಕಂಡಿತ್ತೋ ಇಲ್ಲವೋ ತಿಳಿಯಲು ಬೇರೆ ದಾರಿ ಇಲ್ಲ.

“ನಮ್ಮ ಆಸ್ಪತ್ರೆಯಲ್ಲಿ ರೆಕಾರ್ಡಿಂಗ್ ಮಾಡುವ ಪದ್ಧತಿಯೇ ಇಲ್ಲ ಸ್ವಾಮಿ,” ಎಂದರು ಎದುರಿನವರು.

ನಮ್ಮ ವಕೀಲರು ಕಾಕಾನ ಕಡೆ ತಿರುಗಿದರು. ಇಲ್ಲಿ ಕಾಕಾನ ಒಂದು ಚಾಳಿ ಹೇಳಬೇಕು. ಕಾರ್ಖಾನೆಯ ಕಾಟಾದಲ್ಲಿ ಒಮ್ಮೆ ತೂಕ ಕಡಿಮೆ ಬಿತ್ತೆಂಬ ಗುಮಾನಿ ಬಂದಾಗಿನಿಂದ ಅವನು ಯಾವ ಚೀಟಿಯನ್ನೂ ಬಿಸಾಡುವುದಿಲ್ಲ. ಕಾಟಾ ಚೀಟಿ, ಡೀಸೆಲ್ ಚೀಟಿ, ಗೊಬ್ಬರದ ಬಿಲ್ಲು, ಎಲ್ಲ ದಾರಕ್ಕೆ ಪೋಣಿಸಿ ಮೊಳೆಗೆ ತೂಗುಬಿಟ್ಟಿದ್ದಾನೆ. ದವಾಖಾನೆಯ ಬಿಲ್ಲುಗಳೂ ಅದೇ ದಾರಕ್ಕೆ ಏರಿದ್ದವು. ಹೋದ ವಾರ ಮಗಳು ಅವನ್ನು ಒಂದೊಂದೇ ಬಿಚ್ಚಿ ನೋಡುವಾಗ ಸಿಕ್ಕ ಹಾಳೆ ಈಗ ವಕೀಲರ ಕೈಗೆ ಹೋಯಿತು, ಅಲ್ಲಿಂದ ಮೇಜಿನ ಮೇಲೆ. ನಡುವೆ ದಾರ ಪೋಣಿಸಿದ ತೂತು ಹಾಗೇ ಇದೆ. ಓಟಿ ಚಾರ್ಜು, ಅರಿವಳಿಕೆ, ಗ್ಯಾಸು, ಕ್ಲಿಪ್ಪು. ಒಂಬತ್ತನೆಯ ಸಾಲು: ಸಿಡಿ, 500 ರೂಪಾಯಿ.

ಸದಸ್ಯರು ಕನ್ನಡಕ ಸರಿಮಾಡಿಕೊಂಡು ಓದಿದರು. ಅಧ್ಯಕ್ಷರಿಗೆ ತೋರಿಸಿದರು. ಎದುರಿನ ವಕೀಲರು ಹಾಳೆಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು, ನೋಟು ನೋಡುವ ಹಾಗೆ.

“ಕಕ್ಷಿದಾರರನ್ನು ವಿಚಾರಿಸಬೇಕು, ಸಮಯ ಕೊಡಬೇಕು.”

ಕೊಟ್ಟರು. ಜನವರಿ ಕೊನೆಯ ವಾರ. ಸಿಡಿ ಹಾಜರು ಮಾಡಬೇಕು, ಇಲ್ಲವಾದರೆ ಈ 500 ರೂಪಾಯಿ ಯಾತಕ್ಕೆಂದು ಪ್ರಮಾಣಪತ್ರ ಸಲ್ಲಿಸಬೇಕು. ಒಳಗಿದ್ದದ್ದು ಹೆಚ್ಚೆಂದರೆ ಎಂಟು ನಿಮಿಷ.

ಹೊರಗೆ ಬಂದು ವಕೀಲರು ಕಾಕಾನಿಗೆ ತಿಳಿಸಿ ಹೇಳಿದರು. ಇದರಿಂದ ಗೆದ್ದೆವೆಂದಲ್ಲ. ಸಿಡಿ ಬಂದರೂ ಅದನ್ನು ನೋಡಿ ಹೇಳಲು ತಜ್ಞರು ಬೇಕಾಗಬಹುದು. ಎಲ್ಲ ಕೇಸಿಗೂ ತಜ್ಞರು ಬೇಕಿಲ್ಲವೆಂದು 2010ರಲ್ಲಿ ಕಿಶನ್ ರಾವ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಆದರೂ ಇಂಥದಕ್ಕೆ ಕೇಳಿದರೂ ಕೇಳಿಯಾರು. ಡಾಕ್ಟರ ವಿರುದ್ಧ ಬರೆದುಕೊಡುವ ಡಾಕ್ಟರು ಸಿಗುವುದು ನಿಧಾನ. ಇಲ್ಲಿ ಗೆದ್ದರೂ ಅವರು ರಾಜ್ಯ ಆಯೋಗಕ್ಕೆ ಅಪೀಲು ಹೋಗುತ್ತಾರೆ. ಕಾಕಾ ಎಲ್ಲದಕ್ಕೂ ತಲೆಯಾಡಿಸಿದ. ಅವನ ಮನಸ್ಸು ಮಾತ್ರ ಬಿಲ್ಲಿನ ಮೇಲಿತ್ತು. “ಅಸಲು ಅಲ್ಲೇ ಇಟ್ಕೊಂಡ್ರಲ್ಲ, ನಮಗ ವಾಪಸ್ ಕೊಡ್ತಾರಿಲ್ರಿ?”

ಖಾನಾವಳಿಯಲ್ಲಿ ಊಟ ಮಾಡಿದೆವು. ಸಣ್ಣವ್ವ ಒಂದು ಚಪಾತಿ, ಮಜ್ಜಿಗೆ. ಎಣ್ಣೆಯ ಬದನೆಕಾಯಿ ಪಲ್ಯವನ್ನು ಕಾಕಾನ ತಾಟಿಗೆ ಸರಿಸಿದಳು. ಅದು ಅವಳ ಪ್ರೀತಿಯ ಪಲ್ಯ.

ಮೂರರ ಬಸ್ಸು. ಕಲಾದಗಿಯಲ್ಲಿ ಈ ಸಲ ಬುಟ್ಟಿಯವಳನ್ನು ಕರೆದು ಅರ್ಧ ಕಿಲೋ ಚಿಕ್ಕು ತಗೊಂಡಳು. ಒಂದನ್ನು ಅಂಗೈಯಲ್ಲಿ ಹೊರಳಿಸುತ್ತ, ಹಣ್ಣಾಗಿದೆಯೋ ಇಲ್ಲವೋ ಒತ್ತಿ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನನ್ನು ಕೇಳಿದಳು.

“ತಮ್ಮಾ, ನನ್ನ ಹೊಟ್ಟಿ ಒಳಗಿಂದೆಲ್ಲಾ ಟಿವಿಯೊಳಗ ಬಂದಿತ್ತಂತ?”

“ಹೂಂ, ಹಂಗ ನೋಡಿಕೋಂತನ ಮಾಡ್ತಾರ.”

“ಅಲ್ಲಿದ್ದ ಸಿಸ್ಟರೂ ನೋಡ್ಯಾಳೇನು?”

“ನೋಡಿರ್ತಾಳ.”

“ಆ ಸೀಡಿ ತಂದ್ರ ಜಜ್ಜ ಸಾಹೇಬ್ರೂ ನೋಡ್ತಾರ.”

“ನೋಡ್ತಾರ.”

“ನನಗೂ ತೋರಸ್ತಾರೇನು?”

ಕಾಕಾ ಮುಂದಿನ ಸೀಟಿನಿಂದ ಹೊರಳಿದ. “ನಿನಗ್ಯಾಕ ಬೇಕು ಅದು? ನೋಡಾಕ ಆಗತೈತೇನು ನಿನ್ನ ಕೈಲೆ?”

“ಎಲ್ಲಾರೂ ನೋಡ್ಯಾರ,” ಎಂದಳು ಸಣ್ಣವ್ವ. “ಮಲಗಿದಾಕಿ ನಾನೊಬ್ಬಾಕಿ ನೋಡಿಲ್ಲ.”

ಕಂಡಕ್ಟರು ಬಂದ. ಅವಳ ಶೂನ್ಯ ಟಿಕೆಟ್ಟನ್ನು ಕಾಕಾ ಇಸಿದುಕೊಂಡು, ಎರಡು ಸಲ ಮಡಿಚಿ, ಫೈಲಿನೊಳಗೆ ಇಟ್ಟ.